ಒಗ್ಗದ ತುತ್ತು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಹಿತವಾಗಿಯೂ ಮಿತವಾಗಿಯೂ ಉಣ್ಣುವವನ ಬಳಿಗೆ ಬೇನೆ ಸುಳಿಯದು ಎಂಬುದು ಅದರ ಸಾಮಾನ್ಯವಾದ ಅರ್ಥ. ಆದರೆ ಎಲ್ಲರಿಗೂ ಹಿತವಾದ ಆಹಾರವೇ ಒಂದು ಮಗುವಿನ ಪಾಲಿಗೆ ಹಗೆಯಾಗಿ ನಿಲ್ಲುವುದುಂಟು. ಅಲ್ಲಿ ಮಿತದ ಮಾತು ಸಾಲದು. ಒಂದು ಚಿಟಿಕೆಯೇ ಅಪಾಯಕ್ಕೆ ಸಾಕಾಗಬಹುದು. ಅಂತಹ ಮಗುವಿನ ಮನೆಯವರೂ ಒಡನಾಡಿಗಳೂ ಗುರುಗಳೂ ‘ಊಟ ಬಲ್ಲವರು’ ಎನಿಸಿಕೊಳ್ಳಬೇಕಾದರೆ ಏನನ್ನು ತಿಳಿದಿರಬೇಕು?

ಸಂಕ್ರಾಂತಿಯ ಒಂದು ಸಂಜೆಯನ್ನು ಕಲ್ಪಿಸಿಕೊಳ್ಳಬಹುದು. ಹೊಸ ಲಂಗ ಉಟ್ಟ ಹೆಣ್ಣುಮಕ್ಕಳು ತಟ್ಟೆ ಹಿಡಿದು ಮನೆಮನೆಗೂ ಎಳ್ಳು ಬೀರುತ್ತಿದ್ದಾರೆ. ತಟ್ಟೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿಬೀಜ. ಅಜ್ಜಿ ಅಕ್ಕರೆಯಿಂದ ಮೂರು ವರ್ಷದ ಮೊಮ್ಮಗನ ಬಾಯಿಗೆ ಒಂದಿಷ್ಟು ಹಾಕುತ್ತಾಳೆ. ಐದು ನಿಮಿಷ ಕಳೆಯುವುದರೊಳಗೆ ಮಗುವಿನ ತುಟಿ ಊದಿಕೊಳ್ಳುತ್ತದೆ. ಮೈಮೇಲೆ ಕೆಂಪು ಗಂಧೆಗಳೇಳುತ್ತವೆ. ಕೆಮ್ಮು, ವಾಂತಿ ಒಂದರ ಹಿಂದೊಂದು ಬರುತ್ತವೆ. ‘ದೃಷ್ಟಿಯಾಗಿದೆ’ ಎನ್ನುತ್ತಾರೆ ಒಬ್ಬರು. ‘ಪಿತ್ತ ಕೆದರಿದೆ, ಕಂಬಳಿ ಹೊದಿಸಿ’ ಎನ್ನುತ್ತಾರೆ ಮತ್ತೊಬ್ಬರು. ಅದೇ ತಟ್ಟೆಯಿಂದ ತಿಂದ ಕೇರಿಯ ಮಕ್ಕಳೆಲ್ಲ ಬೀದಿಯಲ್ಲಿ ನಗುತ್ತ ಆಡುತ್ತಿದ್ದಾರೆ. ತಪ್ಪು ಅಜ್ಜಿಯದಲ್ಲ, ಎಳ್ಳುಬೆಲ್ಲದ್ದೂ ಅಲ್ಲ. ಆ ಮಗುವಿನ ದೇಹ ಒಂದು ಆಹಾರವನ್ನು ವೈರಿಯೆಂದು ತಪ್ಪಾಗಿ ಬಗೆದಿದೆ. ಇದನ್ನೇ ವೈದ್ಯರು ಆಹಾರದ ಅಲರ್ಜಿ ಎಂದು ಕರೆಯುತ್ತಾರೆ. ‘ಒಗ್ಗದಿಕೆ’ ಎಂಬುದು ಅದಕ್ಕೆ ಕನ್ನಡದಲ್ಲಿ ಬಳಕೆಯಲ್ಲಿರುವ ಮಾತು.

ಒಬ್ಬನಿಗೆ ಒಗ್ಗುವ ಆಹಾರ ಇನ್ನೊಬ್ಬನಿಗೆ ಒಗ್ಗದಿರಬಹುದು ಎಂಬ ತಿಳಿವಳಿಕೆ ಹೊಸದಲ್ಲ. ಆಯುರ್ವೇದದ ಗ್ರಂಥಗಳು ದೇಹಕ್ಕೆ ಒಗ್ಗುವುದನ್ನು ‘ಸಾತ್ಮ್ಯ’ವೆಂದೂ ಒಗ್ಗದುದನ್ನು ‘ಅಸಾತ್ಮ್ಯ’ವೆಂದೂ ಕರೆದಿವೆ. ಆದರೆ ಹೀಗೇಕಾಗುತ್ತದೆ ಎಂಬುದರ ಗುಟ್ಟು ಬಿಚ್ಚಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಫ್ರಾನ್ಸಿನ ಶರೀರವಿಜ್ಞಾನಿಗಳಾದ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೆ ಅವರು 1901ರಲ್ಲಿ ಮೊನಾಕೋ ದೇಶದ ರಾಜಕುಮಾರ ಆಲ್ಬರ್ಟನ ಹಡಗಿನಲ್ಲಿ ಸಮುದ್ರಯಾನ ಮಾಡುತ್ತ ಕಡಲಜೀವಿಗಳ ವಿಷವನ್ನು ಕುರಿತು ಸಂಶೋಧನೆ ಆರಂಭಿಸಿದರು. ಊರಿಗೆ ಮರಳಿದ ಮೇಲೆ ನಾಯಿಗಳಿಗೆ ಆ ಬಗೆಯ ವಿಷವನ್ನು ಅಲ್ಪಪ್ರಮಾಣದಲ್ಲಿ ಚುಚ್ಚಿ ನೋಡಿದರು. ಪದೇ ಪದೇ ಕೊಟ್ಟರೆ ಪ್ರಾಣಿ ವಿಷಕ್ಕೆ ಒಗ್ಗಿಕೊಳ್ಳಬಹುದೆಂಬುದು ಅವರ ನಿರೀಕ್ಷೆ. ನಡೆದದ್ದು ತೀರ ವಿಪರೀತ. ಮೊದಲ ಚುಚ್ಚುಮದ್ದನ್ನು ಸಹಿಸಿಕೊಂಡು ಗೆಲುವಾಗಿದ್ದ ನಾಯಿಯೊಂದು, ಸುಮಾರು ಮೂರು ವಾರಗಳ ಅನಂತರ ಮತ್ತೆ ಅಲ್ಪಪ್ರಮಾಣದಲ್ಲಿ ಕೊಟ್ಟಾಗ ಏದುಸಿರು ಬಿಡುತ್ತ ಕುಸಿದು, ಅರ್ಧ ಗಂಟೆಯೊಳಗೆ ಸತ್ತಿತು. ಕಾಪಾಡಬೇಕಾದ ಶಕ್ತಿಯೇ ತಿರುಗಿಬಿದ್ದ ಈ ಸ್ಥಿತಿಗೆ ರಿಷೆ ‘ಅನಾಫಿಲಾಕ್ಸಿಸ್’ ಎಂದು ಹೆಸರಿಟ್ಟರು. ಈ ಕಾರ್ಯಕ್ಕಾಗಿ ಅವರಿಗೆ 1913ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಈ ನಡುವೆ, 1906ರಲ್ಲಿ, ವಿಯೆನ್ನಾ ನಗರದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬವರು ಗ್ರೀಕ್ ಭಾಷೆಯ ಎರಡು ಪದಗಳನ್ನು ಕೂಡಿಸಿ ‘ಅಲರ್ಜಿ’ ಎಂಬ ಪದವನ್ನು ರಚಿಸಿದರು. ‘ಬೇರೆಯಾದ ವರ್ತನೆ’ ಎಂಬುದು ಅದರ ಭಾವ.

ದೇಹದ ಈ ‘ಬೇರೆಯಾದ ವರ್ತನೆ’ಗೆ ಕಾರಣವಾದ ವಸ್ತು ರಕ್ತದಲ್ಲಿಯೇ ಇದೆಯೆಂಬುದನ್ನು 1921ರಲ್ಲಿ ಜರ್ಮನಿಯ ಇಬ್ಬರು ವೈದ್ಯರು ತಮ್ಮ ಮೈಮೇಲೆಯೇ ಪ್ರಯೋಗ ನಡೆಸಿ ತೋರಿಸಿದರು. ಅವರಲ್ಲಿ ಕ್ಯುಸ್ಟ್ನರ್ ಎಂಬವರಿಗೆ ಮೀನು ಒಗ್ಗುತ್ತಿರಲಿಲ್ಲ; ಪ್ರೌಸ್ನಿಟ್ಸ್ ಎಂಬವರಿಗೆ ಮೀನಿನಿಂದ ಯಾವ ತೊಂದರೆಯೂ ಇರಲಿಲ್ಲ. ಕ್ಯುಸ್ಟ್ನರರ ರಕ್ತದ ತಿಳಿಭಾಗವನ್ನು ಪ್ರೌಸ್ನಿಟ್ಸರು ತಮ್ಮ ಚರ್ಮದೊಳಕ್ಕೆ ಚುಚ್ಚಿಕೊಂಡು, ಮರುದಿನ ಅದೇ ಜಾಗದಲ್ಲಿ ಮೀನಿನ ಸಾರವನ್ನು ಚುಚ್ಚಿಕೊಂಡರು. ಕೂಡಲೇ ಅಲ್ಲಿ ತುರಿಕೆಯ ಗಂಧೆ ಎದ್ದಿತು. ಆ ಅಜ್ಞಾತ ವಸ್ತು ಯಾವುದೆಂಬುದು ತಿಳಿಯಲು ಇನ್ನೂ ನಾಲ್ಕೂವರೆ ದಶಕಗಳು ಬೇಕಾದುವು. ಅಮೆರಿಕದಲ್ಲಿ ದುಡಿಯುತ್ತಿದ್ದ ಜಪಾನಿನ ಇಶಿಜಾಕಾ ದಂಪತಿಗಳು ಮತ್ತು ಸ್ವೀಡನ್ನಿನ ಯೋಹಾನ್ಸನ್ ಹಾಗೂ ಬೆನ್ನಿಕ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಅದನ್ನು ಕಂಡುಹಿಡಿದರು. 1968ರಲ್ಲಿ ಅದಕ್ಕೆ ‘ಐಜಿಇ’ ಎಂಬ ಹೆಸರು ನಿಶ್ಚಿತವಾಯಿತು.

ಐಜಿಇ ಎಂಬುದು ದೇಹವೇ ತಯಾರಿಸುವ ಒಂದು ಬಗೆಯ ಪ್ರತಿಕಾಯ. ಆಹಾರದ ಯಾವುದೋ ಒಂದು ಪ್ರೋಟೀನನ್ನು ಶತ್ರುವೆಂದು ಭ್ರಮಿಸಿದ ದೇಹ, ಆ ಪ್ರೋಟೀನನ್ನು ಗುರುತಿಸಬಲ್ಲ ಐಜಿಇಯನ್ನು ಸಿದ್ಧಪಡಿಸುತ್ತದೆ. ಚರ್ಮ, ಶ್ವಾಸನಾಳ, ಕರುಳುಗಳಲ್ಲಿರುವ ಮಾಸ್ಟ್ ಕೋಶಗಳೆಂಬ ಕಾವಲುಗಾರರ ಮೈಗೆ ಅದು ಅಂಟಿಕೊಂಡು ಕಾದಿರುತ್ತದೆ. ಈ ಸಿದ್ಧತೆಯೆಲ್ಲ ಸದ್ದಿಲ್ಲದೆ ನಡೆಯುತ್ತದೆ. ಹೊರಗೆ ಯಾವ ಲಕ್ಷಣವೂ ಕಾಣದು. ಅದೇ ಆಹಾರ ಮುಂದೊಮ್ಮೆ ಒಳಹೊಕ್ಕಾಗ ಕಾವಲುಗಾರರು ಎಚ್ಚೆತ್ತು ತಮ್ಮಲ್ಲಿ ಕೂಡಿಟ್ಟುಕೊಂಡಿದ್ದ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಗೇ ಸುರಿದುಬಿಡುತ್ತಾರೆ. ರಕ್ತನಾಳಗಳು ಹಿಗ್ಗಿ ಮೈ ಊದುತ್ತದೆ, ಶ್ವಾಸನಾಳ ಬಿಗಿಯುತ್ತದೆ, ಕರುಳು ಹಿಂಡುತ್ತದೆ. ‘ನಿನ್ನೆಯವರೆಗೆ ತಿಂದದ್ದು ಇಂದೇಕೆ ಆಗದಾಯಿತು?’ ಎಂಬ ತಾಯಿಯ ಪ್ರಶ್ನೆಗೆ ಉತ್ತರ ಇಲ್ಲಿದೆ.

ಯಾವ ಆಹಾರದಿಂದಲಾದರೂ ಅಲರ್ಜಿಯುಂಟಾಗಬಹುದು. ಆದರೂ ಹಸುವಿನ ಹಾಲು, ಮೊಟ್ಟೆ, ನೆಲಗಡಲೆ, ಗೋಡಂಬಿ ಬಾದಾಮಿಗಳಂತಹ ಬೀಜಗಳು, ಗೋಧಿ, ಸೋಯಾ, ಮೀನು, ಸೀಗಡಿ ಏಡಿಗಳು, ಎಳ್ಳು ಇವು ಹೆಚ್ಚಾಗಿ ತೊಂದರೆ ಕೊಡತಕ್ಕವು. ಕಡಲೆ ಮೊದಲಾದ ಬೇಳೆಕಾಳುಗಳೂ ಕೆಲವರಿಗೆ ಒಗ್ಗವು. ನೆಲಗಡಲೆಯು ಅವರೆ ತೊಗರಿಗಳ ಬಳಗಕ್ಕೆ ಸೇರಿದ್ದು; ಗೋಡಂಬಿ ಮರದಲ್ಲಿ ಬಿಡುವ ಬೀಜ. ಆದುದರಿಂದ ಒಂದು ಆಗದವನಿಗೆ ಇನ್ನೊಂದೂ ಆಗಲೇಬಾರದೆಂಬ ನಿಯಮವಿಲ್ಲ. ಐಜಿಇಯಿಂದ ಉಂಟಾಗುವ ಅಲರ್ಜಿಯ ಲಕ್ಷಣಗಳು ಸಾಮಾನ್ಯವಾಗಿ ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಗಳೊಳಗೆ ಕಾಣಿಸಿಕೊಳ್ಳುತ್ತವೆ.

ಆಹಾರದಿಂದಾಗುವ ಎಲ್ಲ ತೊಂದರೆಗಳೂ ಅಲರ್ಜಿಯಲ್ಲ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸುವ ಕಿಣ್ವ ಕೆಲವರಲ್ಲಿ ಕಡಿಮೆ ಇರುತ್ತದೆ. ಅಂತಹವರು ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗಬಹುದು. ಇದು ಅರಗದಿರುವಿಕೆಯೇ ಹೊರತು ಅಲರ್ಜಿಯಲ್ಲ. ಇಂತಹವರಲ್ಲಿ ಎಷ್ಟೋ ಜನ ಮೊಸರನ್ನು ಸುಖವಾಗಿ ಉಣ್ಣುತ್ತಾರೆ. ಹಾಲಿನ ಪ್ರೋಟೀನಿಗೆ ಅಲರ್ಜಿಯಿರುವ ಮಗುವಿಗಾದರೋ ಮೊಸರು ಮಜ್ಜಿಗೆಗಳೂ ಅಪಾಯಕರ. ಹಳಸಿದ ಆಹಾರ ತಿಂದವರೆಲ್ಲರಿಗೂ ಒಟ್ಟಿಗೆ ವಾಂತಿಯಾದರೆ ಅದು ವಿಷಾಹಾರದ ಪರಿಣಾಮ. ಅಲರ್ಜಿಯಾದರೋ ಪಂಕ್ತಿಯಲ್ಲಿ ಕುಳಿತ ನೂರು ಮಂದಿಯಲ್ಲಿ ಒಬ್ಬನನ್ನು ಮಾತ್ರ ಹುಡುಕಿ ಹಿಡಿಯುತ್ತದೆ.

ಈ ಭೇದಗಳನ್ನು ಅರಿಯದಿದ್ದರೆ ಎರಡು ಬಗೆಯ ಅನರ್ಥಗಳು ಸಂಭವಿಸುತ್ತವೆ. ಮೊದಲನೆಯದು, ನಿಜವಾದ ಅಲರ್ಜಿಯನ್ನು ಪಿತ್ತವೆಂದೋ ಹಟವೆಂದೋ ಕಡೆಗಣಿಸುವುದು. ಎರಡನೆಯದು, ಇಲ್ಲದ ಅಲರ್ಜಿಯನ್ನು ಇದೆಯೆಂದು ನಂಬಿ ಬೆಳೆಯುವ ಮಗುವಿನ ಬಾಯಿಂದ ಹಾಲು, ಮೊಟ್ಟೆ, ಕಾಳುಗಳನ್ನು ಕಸಿದುಕೊಳ್ಳುವುದು. ಮೊದಲನೆಯದರಿಂದ ಪ್ರಾಣಕ್ಕೆ ಅಪಾಯ. ಎರಡನೆಯದರಿಂದ ಬೆಳವಣಿಗೆಗೆ ಕುಂದು. ಅಲಕ್ಷ್ಯ ಎಷ್ಟು ಕೆಟ್ಟದ್ದೋ ಅತಿಭಯವೂ ಅಷ್ಟೇ ಕೆಟ್ಟದ್ದು.

ಈ ಎರಡನೆಯ ಅನರ್ಥವನ್ನು ತಿಳಿಯಲು ಕರ್ನಾಟಕದಲ್ಲಿಯೇ ನಡೆದ ಒಂದು ಅಧ್ಯಯನ ನೆರವಾಗುತ್ತದೆ. ಬೆಂಗಳೂರು ಮತ್ತು ಮೈಸೂರುಗಳ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಲಾದ ಆ ಅಧ್ಯಯನದಂತೆ, ಶೇಕಡ 26.5ರಷ್ಟು ಜನರ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಐಜಿಇ ಕಂಡುಬಂದಿತು. ಆದರೆ ತಿಂದಾಗ ತೊಂದರೆಯೂ ಆಗಿ, ಅದಕ್ಕೆ ಹೊಂದುವ ಐಜಿಇಯೂ ಇದ್ದು, ಅಲರ್ಜಿ ಇದ್ದಿರಬಹುದೆಂದು ಹೇಳಬಹುದಾದವರು ಶೇಕಡ 1.2ರಷ್ಟು ಮಾತ್ರ. ರಕ್ತಪರೀಕ್ಷೆಯ ಕಾಗದದಲ್ಲಿ ಒಂದು ಆಹಾರದ ಹೆಸರು ಬಂದ ಮಾತ್ರಕ್ಕೆ ಅದು ಆಗದೆಂದು ತೀರ್ಮಾನಿಸಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಆದುದರಿಂದ ಬಲ್ಲ ವೈದ್ಯರು ಮೊದಲು ಕೇಳುವುದು ಕಥೆಯನ್ನು: ಮಗು ಏನನ್ನು ತಿಂದಿತು, ಎಷ್ಟು ತಿಂದಿತು, ಎಷ್ಟು ಹೊತ್ತಿಗೆ ಏನಾಯಿತು, ಹಿಂದೆಯೂ ಹೀಗಾಗಿತ್ತೆ ಎಂದು. ಅನಂತರ ಸಂಶಯ ಬಂದ ಆಹಾರಗಳಿಗೆ ಮಾತ್ರ ಚರ್ಮದ ಪರೀಕ್ಷೆ ಅಥವಾ ರಕ್ತದ ಪರೀಕ್ಷೆ. ಆಗಲೂ ಸಂದೇಹ ಉಳಿದರೆ ಆಸ್ಪತ್ರೆಯಲ್ಲಿ, ತುರ್ತುಚಿಕಿತ್ಸೆಯ ಸಿದ್ಧತೆಯೊಡನೆ, ಆ ಆಹಾರವನ್ನು ಕಿಂಚಿತ್ ಕಿಂಚಿತ್ತಾಗಿ ತಿನ್ನಿಸಿ ನೋಡುತ್ತಾರೆ. ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಲು ಹೊರಡುವುದು ಸಲ್ಲದು.

ಹಳ್ಳಿಗಳಲ್ಲಿ ಬದನೆಕಾಯಿಯನ್ನು ‘ನಂಜು’ ಎನ್ನುವ ವಾಡಿಕೆಯುಂಟು. ಮೈಮೇಲೆ ಹುಣ್ಣು ತುರಿಗಳಿದ್ದರೆ ಅದನ್ನು ವರ್ಜಿಸುತ್ತಾರೆ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬದನೆಯ ಅಲರ್ಜಿಯನ್ನು ಕುರಿತು ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಬದನೆ ಕೆಲವರಿಗೆ ನಿಜವಾಗಿಯೂ ಒಗ್ಗದು. ಆದರೆ ಕೆಲವರಿಗೆ ಒಗ್ಗದುದನ್ನು ಎಲ್ಲರಿಗೂ ನಿಷೇಧಿಸುವುದು ವಿವೇಕವಲ್ಲ. ಹಿರಿಯರ ಮಾತಿನಲ್ಲಿ ಅನುಭವದ ಸತ್ಯವಿರುತ್ತದೆ. ಅದು ಯಾರಿಗೆ, ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ಪರೀಕ್ಷಿಸಿ ತಿಳಿಯಬೇಕು.

ವೈದ್ಯಶಾಸ್ತ್ರವೂ ಇಂತಹ ಅತಿಭಯದಿಂದ ಪಾರಾಗಿರಲಿಲ್ಲ. ಅಲರ್ಜಿಯ ಸಂಭವ ಹೆಚ್ಚಾಗಿರುವ ಮನೆತನಗಳ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೆ ನೆಲಗಡಲೆಯನ್ನು ಕೊಡಬಾರದೆಂದು ಬ್ರಿಟನ್ನಿನಲ್ಲಿ 1998ರಲ್ಲಿಯೂ ಅಮೆರಿಕದಲ್ಲಿ 2000ದಲ್ಲಿಯೂ ಸಲಹೆ ನೀಡಲಾಯಿತು. ಸಲಹೆಯ ಹಿಂದಿನ ಉದ್ದೇಶ ಒಳ್ಳೆಯದೇ. ಆದರೂ ಆ ದೇಶಗಳಲ್ಲಿ ನೆಲಗಡಲೆಯ ಅಲರ್ಜಿ ತಗ್ಗಲಿಲ್ಲ. ಲಂಡನ್ನಿನ ಗಿಡಿಯನ್ ಲ್ಯಾಕ್ ಎಂಬ ಮಕ್ಕಳ ವೈದ್ಯರೂ ಅವರ ಸಂಗಡಿಗರೂ ಬ್ರಿಟನ್ನಿನ ಯೆಹೂದಿ ಮಕ್ಕಳನ್ನು ಇಸ್ರೇಲಿನ ಯೆಹೂದಿ ಮಕ್ಕಳೊಡನೆ ಹೋಲಿಸಿ ನೋಡಿದರು. ಬ್ರಿಟನ್ನಿನ ಮಕ್ಕಳಲ್ಲಿ ಈ ಅಲರ್ಜಿ ಸುಮಾರು ಹತ್ತು ಪಟ್ಟು ಹೆಚ್ಚಾಗಿದ್ದಿತು ಎಂದು 2008ರಲ್ಲಿ ಪ್ರಕಟಿಸಿದರು. ಇಸ್ರೇಲಿನ ಶಿಶುಗಳಾದರೋ ವರ್ಷ ತುಂಬುವ ಮೊದಲೇ ನೆಲಗಡಲೆಯ ಮೃದುವಾದ ತಿನಿಸನ್ನು ತಿನ್ನುತ್ತಿದ್ದುವು. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ ತನ್ನ ಹಳೆಯ ಸಲಹೆಯನ್ನು ಅದೇ ವರ್ಷ ಹಿಂದಕ್ಕೆ ಪಡೆಯಿತು.

ಹೋಲಿಕೆಯಿಂದ ಹುಟ್ಟಿದ ಊಹೆಯನ್ನು ಪ್ರಯೋಗದಿಂದ ಸ್ಥಿರಪಡಿಸಬೇಕಾಗಿದ್ದಿತು. ತೀವ್ರವಾದ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ ವಯಸ್ಸಿನ 640 ಶಿಶುಗಳನ್ನು ಲ್ಯಾಕ್ ಅವರ ತಂಡ ಆರಿಸಿಕೊಂಡಿತು. ನೆಲಗಡಲೆಗೆ ಆಗಲೇ ಬಲವಾದ ಪ್ರತಿಕ್ರಿಯೆ ತೋರಿದ ಶಿಶುಗಳನ್ನು ಸೇರಿಸಿಕೊಳ್ಳಲಿಲ್ಲ. ಒಂದು ಗುಂಪಿಗೆ ಐದು ವರ್ಷ ತುಂಬುವವರೆಗೆ ನೆಲಗಡಲೆಯನ್ನು ಕ್ರಮವಾಗಿ ತಿನ್ನಿಸಲಾಯಿತು. ಮತ್ತೊಂದು ಗುಂಪು ಅದನ್ನು ಮುಟ್ಟಲಿಲ್ಲ. ಫಲಿತಾಂಶ 2015ರಲ್ಲಿ ಹೊರಬಂದಿತು. ಆರಂಭದ ಚರ್ಮಪರೀಕ್ಷೆಯಲ್ಲಿ ಯಾವ ಪ್ರತಿಕ್ರಿಯೆಯನ್ನೂ ತೋರದಿದ್ದ ಮಕ್ಕಳ ಪೈಕಿ, ನೆಲಗಡಲೆಯನ್ನು ವರ್ಜಿಸಿದವರಲ್ಲಿ ಶೇಕಡ 13.7ರಷ್ಟು ಮಂದಿಗೆ ಅಲರ್ಜಿಯಾಗಿದ್ದರೆ, ತಿಂದವರಲ್ಲಿ ಶೇಕಡ 1.9ರಷ್ಟು ಮಂದಿಗೆ ಮಾತ್ರ ಆಗಿತ್ತು. ಇಸುಬಿನಿಂದ ಬಿರಿದ ಚರ್ಮದ ಮೂಲಕ ಆಹಾರದ ಕಣಗಳು ಒಳಹೊಕ್ಕರೆ ದೇಹ ಅವನ್ನು ಶತ್ರುವೆಂದು ಬಗೆಯುವುದೆಂದೂ, ಬಾಯಿಯ ಮೂಲಕ ಕರುಳಿಗೆ ಬಂದರೆ ಸಹಿಸಿಕೊಳ್ಳಲು ಕಲಿಯುವುದೆಂದೂ ತಜ್ಞರು ಇದನ್ನು ವಿವರಿಸುತ್ತಾರೆ. ತಲೆಬಾಗಿಲಿನಿಂದ ಬಂದವನು ಅತಿಥಿ. ಕನ್ನ ಕೊರೆದು ಬಂದವನು ಕಳ್ಳ. ದೇಹಕ್ಕೂ ಈ ನ್ಯಾಯ ತಿಳಿದಿರುವಂತೆ ತೋರುತ್ತದೆ.

ಹಾಗೆಂದು ಯಾರೂ ಹಸುಗೂಸಿನ ಬಾಯಿಗೆ ಕಡಲೆಕಾಯಿಬೀಜವನ್ನು ಹಾಕಬಾರದು. ಇಡಿಯ ಬೀಜ ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟೀತು. ಆರು ತಿಂಗಳವರೆಗೆ ತಾಯಿಯ ಹಾಲು; ಅನಂತರ ರಾಗಿಯ ಸರಿ, ಮಿದಿದ ಅನ್ನ ಬೇಳೆಗಳೊಡನೆ ಇತರ ಆಹಾರಗಳನ್ನೂ ನುಣ್ಣಗೆ ಅರೆದು, ಒಂದೊಂದಾಗಿ, ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸುವುದು ಒಳ್ಳೆಯ ಪದ್ಧತಿ. ತೀವ್ರವಾದ ಇಸುಬು ಇರುವ ಅಥವಾ ಹಿಂದೊಮ್ಮೆ ಪ್ರತಿಕ್ರಿಯೆ ತೋರಿದ ಶಿಶುವಿನ ವಿಷಯದಲ್ಲಿ ಮೊದಲೇ ವೈದ್ಯರನ್ನು ಕೇಳಬೇಕು.

ಅಲರ್ಜಿ ನಿಶ್ಚಿತವಾದ ಮೇಲೆ ಮೊದಲನೆಯ ಕರ್ತವ್ಯ ಆ ಆಹಾರವನ್ನು ಪೂರ್ಣವಾಗಿ ದೂರವಿಡುವುದು. ಇದು ಹೇಳಿದಷ್ಟು ಸುಲಭವಲ್ಲ. ಹಾಲು ಲೋಟದಲ್ಲಿ ಮಾತ್ರವಲ್ಲ, ಪೇಡೆಯಲ್ಲಿ, ಬಿಸ್ಕತ್ತಿನಲ್ಲಿ ಅಡಗಿರುತ್ತದೆ. ನೆಲಗಡಲೆ ಚಟ್ನಿಪುಡಿಯಲ್ಲಿ, ಪುಳಿಯೋಗರೆಯಲ್ಲಿ, ಶೇಂಗಾ ಹೋಳಿಗೆಯಲ್ಲಿರುತ್ತದೆ. ಒಂದರಲ್ಲಿ ಅದ್ದಿದ ಸೌಟನ್ನು ಇನ್ನೊಂದರಲ್ಲಿ ಅದ್ದಿದರೂ ಸಾಕು. ಪೊಟ್ಟಣಗಳಲ್ಲಿ ಮಾರುವ ಆಹಾರದ ವಿಷಯದಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಹೊರಡಿಸಿದ ನಿಯಮಗಳು ಹಾಲು, ಮೊಟ್ಟೆ, ಮೀನು, ನೆಲಗಡಲೆ, ಸೋಯಾ ಮುಂತಾದ ಅಲರ್ಜಿಕಾರಕಗಳನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದು ವಿಧಿಸಿದುವು. 2020ರ ಆ ಪಟ್ಟಿಯಲ್ಲಿ ಎಳ್ಳು ಸೇರಿರಲಿಲ್ಲ. ಆದುದರಿಂದ ಎಚ್ಚರಿಕೆಯ ಸಾಲನ್ನಷ್ಟೇ ಅಲ್ಲ, ಪದಾರ್ಥಗಳ ಪಟ್ಟಿಯನ್ನೆಲ್ಲ ಓದುವ ರೂಢಿ ಇರಬೇಕು. ಬಿಟ್ಟ ಆಹಾರದಲ್ಲಿದ್ದ ಪೋಷಕಾಂಶಗಳು ಬೇರೆ ಆಹಾರದಿಂದ ಮಗುವಿಗೆ ದೊರೆಯುವಂತೆ ನೋಡಿಕೊಳ್ಳುವುದೂ ಅಷ್ಟೇ ಅಗತ್ಯ.

ಎರಡನೆಯ ಕರ್ತವ್ಯ, ಆಪತ್ತು ಬಂದಾಗ ಹೊತ್ತು ಕಳೆಯದಿರುವುದು. ಬರಿಯ ನಾಲ್ಕಾರು ಗಂಧೆಗಳಾದರೆ ವೈದ್ಯರು ಸೂಚಿಸಿದ ಅಲರ್ಜಿನಿವಾರಕ ಮಾತ್ರೆ ಸಾಕಾದೀತು. ಆದರೂ ಮಗುವಿನ ಮೇಲೆ ಕಣ್ಣಿಟ್ಟಿರಬೇಕು. ಉಸಿರಾಡಲು ಕಷ್ಟವಾದರೆ, ದನಿ ಒಡೆದರೆ, ನಾಲಗೆ ಊದಿಕೊಂಡರೆ, ಎಡೆಬಿಡದೆ ವಾಂತಿಯಾದರೆ, ಮಗು ಬಿಳಿಚಿಕೊಂಡು ಕುಸಿದರೆ ಅದು ರಿಷೆ ಹೆಸರಿಸಿದ ಅನಾಫಿಲಾಕ್ಸಿಸ್. ಅದಕ್ಕೆ ಮೊದಲ ಮದ್ದು ಅಡ್ರಿನಲಿನ್. ಅದನ್ನು ತೊಡೆಯ ಹೊರಬದಿಯ ಮಾಂಸಖಂಡಕ್ಕೆ, ಮಗುವಿನ ತೂಕಕ್ಕೆ ತಕ್ಕ ಪ್ರಮಾಣದಲ್ಲಿ, ತಡಮಾಡದೆ ಚುಚ್ಚಬೇಕು. ಮಾತ್ರೆಯಾಗಲಿ ಮನೆಮದ್ದಾಗಲಿ ಅದರ ಸ್ಥಾನವನ್ನು ತುಂಬಲಾರವು. ವೈದ್ಯರಿಂದ ತರಬೇತಿ ಪಡೆದ ಮನೆಯವರ ಬಳಿ ಈ ಮದ್ದು ಇದ್ದರೆ ಕೂಡಲೇ ಕೊಡಬೇಕು. ಇಲ್ಲವಾದರೆ 108ಕ್ಕೆ ಕರೆಮಾಡಿ, ಎಲ್ಲಕ್ಕಿಂತ ಬೇಗ ತಲುಪಬಹುದಾದ ಆಸ್ಪತ್ರೆಗೆ ಒಯ್ಯಬೇಕು. ಮಗುವನ್ನು ನಡೆಸದೆ, ಕಾಲುಗಳನ್ನು ಎತ್ತರಿಸಿ ಮಲಗಿಸಬೇಕು. ಉಸಿರಿನ ತೊಂದರೆಯಿದ್ದರೆ ಒರಗಿಸಿ ಕೂರಿಸಬಹುದು. ಒಮ್ಮೆ ಚೇತರಿಸಿಕೊಂಡ ಮೇಲೂ ಕೆಲವು ಗಂಟೆಗಳಲ್ಲಿ ಲಕ್ಷಣಗಳು ಮರುಕಳಿಸಬಹುದಾದುದರಿಂದ ಆಸ್ಪತ್ರೆಯಲ್ಲಿ ಕಾಯುವುದು ಕ್ಷೇಮ.

ಮನೆಯನ್ನು ಬಿಟ್ಟರೆ ಮಗು ಹೆಚ್ಚು ಹೊತ್ತು ಕಳೆಯುವುದು ಶಾಲೆಯಲ್ಲಿ. ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟವೂ 2013ರಲ್ಲಿ ಕ್ಷೀರಭಾಗ್ಯದ ಹಾಲೂ ಆರಂಭವಾದುವು. ಮುಂದೆ ಮೊಟ್ಟೆಯೂ ಸೇರಿತು. ಅಸಂಖ್ಯಾತ ಮಕ್ಕಳ ಹಸಿವನ್ನು ನೀಗಿಸಿದ ಯೋಜನೆಗಳಿವು. ಒಬ್ಬನಿಗೆ ಹಾಲು ಒಗ್ಗದೆಂದು ಎಲ್ಲರ ಲೋಟವನ್ನು ಕಸಿಯಬೇಕಾಗಿಲ್ಲ. ಎಲ್ಲರೂ ಕುಡಿಯುತ್ತಾರೆಂದು ಆ ಒಬ್ಬನನ್ನು ಒತ್ತಾಯಪಡಿಸಲೂ ಬಾರದು. ಮಗುವಿಗೆ ಯಾವುದು ಆಗದು, ಆದರೆ ಏನು ಮಾಡಬೇಕು, ಯಾರಿಗೆ ತಿಳಿಸಬೇಕು ಎಂಬುದನ್ನು ಬರೆದ ಒಂದು ಹಾಳೆ ಗುರುಗಳ ಬಳಿಯೂ ಅಡುಗೆಯವರ ಬಳಿಯೂ ಇದ್ದರೆ ಅರ್ಧ ಅಪಾಯ ತಪ್ಪಿದಂತೆ.

ಆದರೆ ಹಾಳೆಯಿಂದ ತಪ್ಪಿಸಲಾಗದ ಅಪಾಯವೊಂದಿದೆ. ‘ಒಂದು ತುತ್ತಿಗೆ ಏನೂ ಆಗುವುದಿಲ್ಲ, ತಿನ್ನು’ ಎಂಬ ಒತ್ತಾಯವೇ ಅದು. ಕೊಟ್ಟದ್ದನ್ನು ಬೇಡವೆನ್ನುವುದು ಅವಿನಯವೆಂದು ತಿಳಿಯುವ ಸಮಾಜದಲ್ಲಿ ಎಳೆಯ ಮಗು ಪ್ರಸಾದವನ್ನೋ ಹುಟ್ಟುಹಬ್ಬದ ಸಿಹಿಯನ್ನೋ ಬೇಡವೆನ್ನಲು ಎಷ್ಟು ಧೈರ್ಯ ಬೇಕೆಂಬುದನ್ನು ದೊಡ್ಡವರು ಯೋಚಿಸುವುದಿಲ್ಲ. ಗೆಳೆಯರ ಗೇಲಿ ಅದಕ್ಕಿಂತಲೂ ಕಠಿನ. ಅಂತಹ ಮಗುವಿನ ಡಬ್ಬಿಗೆ ತಮ್ಮ ತಿಂಡಿಯನ್ನು ಬಲವಂತವಾಗಿ ಹಾಕದಿರುವುದು, ಊಟದ ಸಾಲಿನಲ್ಲಿ ಅದನ್ನು ದೂರ ಕೂರಿಸದಿರುವುದು, ಅದರ ಮುಖ ಬಾಡಿದ್ದು ಕಂಡೊಡನೆ ಹಿರಿಯರನ್ನು ಕೂಗುವುದು, ಇವು ಸಹಪಾಠಿಗಳು ಮಾಡಬಹುದಾದ ಸಣ್ಣ ಕೆಲಸಗಳು. ಒಂದು ಜೀವ ಉಳಿಯಲು ಕೆಲವೊಮ್ಮೆ ಇಷ್ಟೇ ಸಾಕು.

ಈ ಎಚ್ಚರ ಎಲ್ಲ ಮಕ್ಕಳಿಗೂ ಜೀವಮಾನದ ಸೆರೆಯಲ್ಲ. ಹಾಲು, ಮೊಟ್ಟೆ, ಗೋಧಿಗಳ ಅಲರ್ಜಿಯಿರುವ ಮಕ್ಕಳಲ್ಲಿ ಹೆಚ್ಚಿನವರು ಬೆಳೆಯುತ್ತ ಅದನ್ನು ಮೀರುತ್ತಾರೆ. ನೆಲಗಡಲೆಯ ಅಲರ್ಜಿಯನ್ನು ಮೀರುವವರು ಐವರಲ್ಲಿ ಒಬ್ಬರಷ್ಟೇ. ಆದುದರಿಂದ ಆಗಾಗ ವೈದ್ಯರ ಪರೀಕ್ಷೆ ಅಗತ್ಯ. ಐಜಿಇಯನ್ನೇ ಹಿಡಿದು ಕಟ್ಟಿಹಾಕುವ ಒಂದು ಚುಚ್ಚುಮದ್ದನ್ನು ಆಹಾರದ ಅಲರ್ಜಿಯ ತೀವ್ರತೆಯನ್ನು ತಗ್ಗಿಸಲು ಬಳಸಬಹುದೆಂದು ಅಮೆರಿಕ 2024ರಲ್ಲಿ ಒಪ್ಪಿತು. ಅಂದಮಾತ್ರಕ್ಕೆ ಆಗದ ಆಹಾರವನ್ನು ಮನಬಂದಂತೆ ತಿನ್ನಬಹುದೆಂದಲ್ಲ. ಅರಿಯದೆ ಬಾಯಿಗೆ ಬಿದ್ದ ಕಣದಿಂದಾಗುವ ಅಪಾಯವನ್ನು ಅದು ಕಡಿಮೆ ಮಾಡುತ್ತದೆ, ಅಷ್ಟೆ.

ಸಂಕ್ರಾಂತಿ ಮತ್ತೆ ಬರುತ್ತದೆ. ಎಳ್ಳು ಬೀರುವ ತಟ್ಟೆಯೂ ಮನೆಗೆ ಬರುತ್ತದೆ. ಈ ಸಲ ಅಜ್ಜಿಗೆ ತಿಳಿದಿದೆ: ಮೊಮ್ಮಗನಿಗೆ ಆಗದಿರುವುದು ಕಡಲೆಕಾಯಿಬೀಜ, ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆಗಳಿಂದ ತೊಂದರೆಯಿಲ್ಲವೆಂದು ವೈದ್ಯರು ಪರೀಕ್ಷಿಸಿ ಹೇಳಿದ್ದಾರೆ. ಹೊರಗಿನಿಂದ ಬಂದ ತಟ್ಟೆಗೆ ಕೈಮುಗಿದು ಅದನ್ನು ಎತ್ತಿಟ್ಟು, ಬೇರೆ ಡಬ್ಬಿಯಲ್ಲಿ ತಾನೇ ಕೂಡಿಸಿಟ್ಟ ಎಳ್ಳುಬೆಲ್ಲವನ್ನು ಅವಳು ಅವನ ಅಂಗೈಗೆ ಹಾಕುತ್ತಾಳೆ. ಹಬ್ಬ ತಪ್ಪಲಿಲ್ಲ, ಅಕ್ಕರೆ ಕುಂದಲಿಲ್ಲ. ಅಕ್ಕರೆಗೆ ಅರಿವು ಜೊತೆಯಾಯಿತು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯಲ್ಲಿ ‘ಬಲ್ಲ’ ಎಂಬ ಮಾತಿಗೆ ಇರುವ ತೂಕ ಅದೇ.